ನೀರಿಗಿಳಿದ ಮೇಲೆ ಮೂಗುದಾರ ಎಳೆಯಬೇಡಿ



ಸಂಕ್ರಾಂತಿ ಬಂದಿತೆಂದರೆ ನಮ್ಮ ರಾವಂದೂರು ಹೋಬಳಿಯ ಊರುಗಳಲ್ಲಿ ದನಗಳ ಮೈ ತೊಳೆಯುವ ಸಡಗರ. ಬೆಳಿಗ್ಗೆ ಕೆರೆಯಲ್ಲಿ ಮೈ ತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ಸಂಜೆ ಕಿಚ್ಚು ಹಾಯಿಸುತ್ತೇವೆ. ಕಿಚ್ಚಿನ ಬಳಿ ಎಲ್ಲರಿಗೂ ಎಚ್ಚರವಿರುತ್ತದೆ. ನೀರಿನ ಬಳಿ ಅಷ್ಟು ಎಚ್ಚರ ಕಾಣುವುದಿಲ್ಲ.

ಒಂದು ವರ್ಷ ಹಬ್ಬದ ದಿನ ನಾನೇ ಕಂಡ ಸಂಗತಿ. ರೈತರೊಬ್ಬರು ಜೋಡೆತ್ತುಗಳನ್ನು ನೊಗ ಬಿಚ್ಚದೆ ಕೆರೆಗೆ ಇಳಿಸಿದರು. ಬಲಗಡೆಯ ಎತ್ತು ಗೋಡು ತೆಗೆದ ಗುಂಡಿಗೆ ಕಾಲಿಟ್ಟಿತು. ನೊಗದಲ್ಲಿದ್ದ ಎಡಗಡೆಯದೂ ಅದರೊಡನೆ ವಾಲಿತು. ದಡದಲ್ಲಿದ್ದ ನಾವು ನಾಲ್ಕೈದು ಮಂದಿ ಹಗ್ಗ ಹಿಡಿದು ಎಳೆದೆವು. ಎಳೆದಷ್ಟೂ ಎತ್ತಿನ ಕತ್ತು ಹೊರಳಿ ಮೂಗು ನೀರಿನೊಳಗಾಯಿತು. ಹಿರಿಯರೊಬ್ಬರು, "ಹಗ್ಗ ಬಿಡ್ರಪ್ಪಾ! ಕಣ್ಣಿ ಕುಯ್ದಾಕಿ!" ಎಂದು ಕೂಗುತ್ತ ಕುಡುಗೋಲು ಹಿಡಿದು ತಾವೇ ಇಳಿದರು. ಕಣ್ಣಿ ಹರಿದೊಡನೆ ಎಡಗಡೆಯ ಎತ್ತು ಈಜಿ ದಡ ಸೇರಿತು. ಬಲಗಡೆಯದು ಉಳಿಯಲಿಲ್ಲ. ಬೇಸಾಯದ ಡಿಪ್ಲೊಮಾ ಓದಿದ ನನಗೆ ಈ ಪಾಠ ಆ ದಿನ ಕೆರೆಯ ದಡದಲ್ಲಿ ಆಯಿತು.

ಎತ್ತು, ಎಮ್ಮೆ, ಕುದುರೆ ಮೂರಕ್ಕೂ ಹುಟ್ಟಿನಿಂದಲೇ ಈಜು ಬರುತ್ತದೆ. ಈಜುವಾಗ ಮೈಯೆಲ್ಲ ನೀರಿನೊಳಗಿದ್ದು ತಲೆ ಮಾತ್ರ ಮೇಲಿರುತ್ತದೆ. ಆ ತಲೆಯನ್ನು ನಾವು ಎಳೆದರೆ ಉಸಿರಾಡುವ ದಾರಿಯೇ ಮುಚ್ಚಿದಂತೆ. ಕುದುರೆ ಸವಾರರೂ ಹೊಳೆ ದಾಟುವಾಗ ಇದೇ ನಿಯಮ ಪಾಲಿಸುತ್ತಾರೆ. ಆಳ ಬಂದೊಡನೆ ಲಗಾಮು ಸಡಿಲ ಬಿಟ್ಟು, ರಿಕಾಪಿನಿಂದ ಕಾಲು ತೆಗೆದು, ಕುತ್ತಿಗೆಯ ಕೂದಲು ಹಿಡಿಯುತ್ತಾರೆ. ನಮ್ಮಲ್ಲಿ ಕುದುರೆಗಳು ಅಪರೂಪ. ಆದರೆ ನಿಯಮ ಎತ್ತಿಗೂ ಸಲ್ಲುತ್ತದೆ.

ಆದಕಾರಣ ಈ ಅಂಶಗಳನ್ನು ನೆನಪಿನಲ್ಲಿಡಿ:

1. ನೊಗ ಬಿಚ್ಚದೆ ದನಗಳನ್ನು ನೀರಿಗೆ ಇಳಿಸಬೇಡಿ. ಒಂದೊಂದನ್ನೇ ಇಳಿಸಿ. ಹಗ್ಗವನ್ನು ಕೈಗೆ ಸುತ್ತಿಕೊಳ್ಳಬೇಡಿ.

2. ಮೊದಲು ಗಳ ಹಿಡಿದು ಆಳ ನೋಡಿ. ಹೋದ ವರ್ಷ ಮೊಣಕಾಲುದ್ದವಿದ್ದ ಜಾಗದಲ್ಲಿ ಹೂಳು ತೆಗೆದ ಮೇಲೆ ಈ ವರ್ಷ ಆಳುದ್ದ ನೀರಿರಬಹುದು. ತೂಬಿನ ಬಳಿಗೂ ಹರಿಯುವ ಕೋಡಿಗೂ ದನ ಇಳಿಸಲೇಬಾರದು.

3. ಎಮ್ಮೆಯ ಮೇಲೆ ಹುಡುಗರನ್ನು ಕೂರಿಸಿ ನೀರಿಗೆ ಬಿಡಬೇಡಿ. ಎಮ್ಮೆಗೆ ಬೆವರಿನ ಗ್ರಂಥಿಗಳು ಕಡಿಮೆ. ಮೈ ತಂಪು ಮಾಡಿಕೊಳ್ಳಲು ಅದು ನೀರಿನಲ್ಲಿ ಥಟ್ಟನೆ ಕುಳಿತುಬಿಡುತ್ತದೆ. ಈಜು ಬಾರದ ಹುಡುಗನ ಗತಿಯೇನು?

4. ಹರಿಯುವ ನೀರಿನಲ್ಲಿ ಗಾಡಿ ಹೊಡೆಯಬೇಡಿ. ನೀರು ಏರಿದಂತೆ ಮರದ ಗಾಡಿ ತೇಲತೊಡಗುತ್ತದೆ. ಗಾಳಿ ತುಂಬಿದ ಟೈರಿನ ಗಾಡಿ ಇನ್ನೂ ಬೇಗ ತೇಲಿ ಎತ್ತುಗಳನ್ನು ಅಡ್ಡಕ್ಕೆ ಎಳೆಯುತ್ತದೆ. ನೀರಿನ ವೇಗ ಎರಡರಷ್ಟಾದರೆ ಅದು ನೂಕುವ ಬಲ ನಾಲ್ಕರಷ್ಟಾಗುತ್ತದೆ.

5. ಇಲ್ಲಿ ಬಿಸಿಲಿದೆಯೆಂದು ಹೊಳೆಯನ್ನು ನಂಬಬೇಡಿ. ಕಾವೇರಿಯೂ ಲಕ್ಷ್ಮಣತೀರ್ಥವೂ ಕೊಡಗಿನಿಂದ ಬರುವ ನದಿಗಳು. ಅಲ್ಲಿ ಮಳೆ ಸುರಿದರೆ ಅಥವಾ ಹಾರಂಗಿ ಜಲಾಶಯದಿಂದ ನೀರು ಬಿಟ್ಟರೆ ನಮ್ಮ ಕಾವೇರಿ ದಡದಲ್ಲಿ ಹನಿ ಬೀಳದಿದ್ದರೂ ನೀರು ಏರುತ್ತದೆ. ನೀರು ಕೆಂಪಾಗಿ, ಕಸಕಡ್ಡಿ ತೇಲಿಬಂದರೆ ಕೂಡಲೆ ದನಗಳನ್ನು ದಡಕ್ಕೆ ಹೊಡೆಯಿರಿ.

6. ದನದೊಡನೆ ನೀವೇ ಆಳಕ್ಕೆ ಸಿಕ್ಕಿದರೆ ಮೂಗುದಾರ ಬಿಡಿ. ಬೆನ್ನಿನಿಂದ ಜಾರಿ ಬಾಲ ಹಿಡಿದು ತೇಲಿ. ಕಾಲುಗಳ ಮುಂದೆ ಹೋದರೆ ಗೊರಸಿನ ಪೆಟ್ಟು ಬೀಳುತ್ತದೆ.

ಮನುಷ್ಯರು ಮುಳುಗುತ್ತಿದ್ದರೆ ಈಜು ಬಾರದವರು ಹಾರಬಾರದು. ಒಬ್ಬರನ್ನು ಉಳಿಸಹೋಗಿ ಇಬ್ಬರು ಹೋಗುವುದು ಹೀಗೆಯೇ. ಗಳ, ಹಗ್ಗ, ಪಂಚೆ, ಮುಚ್ಚಳ ಬಿಗಿದ ಖಾಲಿ ಕ್ಯಾನು, ಯಾವುದಾದರೂ ಸರಿ, ದಡದಿಂದಲೇ ಎಸೆಯಿರಿ. ಮೇಲೆತ್ತಿದವರನ್ನು ತಲೆಕೆಳಗು ಮಾಡಿ ತಿರುಗಿಸುವುದೂ ಹೊಟ್ಟೆ ಒತ್ತುವುದೂ ತಪ್ಪು. ಅಂಗಾತ ಮಲಗಿಸಿ, ಉಸಿರಿಲ್ಲದಿದ್ದರೆ ಬಾಯಿಗೆ ಬಾಯಿಟ್ಟು ಉಸಿರು ಕೊಡಿ, ಎದೆಯ ನಡುವೆ ಒತ್ತಿ. ಒಬ್ಬರು ತಕ್ಷಣ 108ಕ್ಕೆ ಫೋನು ಮಾಡಲಿ.

ಕೊನೆಯದಾಗಿ ಒಂದು ಕೆಲಸ. ಹಬ್ಬಕ್ಕೆ ಒಂದು ವಾರ ಮೊದಲು ಊರಿನ ಯುವಕರು ಸೇರಿ ಗಳ ಹಿಡಿದು ಕೆರೆಯ ದಡ ಅಳೆಯಲಿ. ಸೊಂಟದುದ್ದ ನೀರು ಮುಗಿಯುವಲ್ಲಿ ಗೂಟ ನೆಟ್ಟು ಕೆಂಪು ಬಟ್ಟೆ ಕಟ್ಟಲಿ. ದಡದ ಮರಕ್ಕೆ ಒಂದು ಉದ್ದನೆಯ ಹಗ್ಗ ತೂಗುಹಾಕಲಿ. ಇದಕ್ಕೆ ಅರ್ಧ ದಿನ ಸಾಕು, ಖರ್ಚು ಅತ್ಯಲ್ಪ. ಒಂದು ಎತ್ತು ಹೋದರೆ ಆ ಸಾಲಿನ ಬೇಸಾಯ ಹೋಯಿತು. ಮಗು ಹೋದರೆ ಯಾವ ಸಾಲಿಗೂ ಬಾರದು.

— ಗ್ರಾಮಸೇವಕ, ರಾವಂದೂರು