ಗ್ರಾಫಿಕ್ಸ್ ಕಾರ್ಡಿನಲ್ಲಿ ಎಷ್ಟು ಮೆಮೊರಿ ಇರಬೇಕು?

ಪರೀಕ್ಷೆಗಳು ಮುಗಿದು ರಜೆ ಬಂದೊಡನೆ ಪಾಲಾರಿವಟ್ಟಂನ ಕನ್ನಡ ಮನೆಗಳಲ್ಲಿಯೂ ಒಂದು ಬೇಡಿಕೆ ಕೇಳಿಬರುವುದುಂಟು: ಗಣಕಯಂತ್ರದ ಆಟಗಳಿಗಾಗಿ ಒಂದು ಗ್ರಾಫಿಕ್ಸ್ ಕಾರ್ಡ್. 8 ಗಿಗಾಬೈಟ್ ಸಾಕೆಂದು ತಂದೆ, 16 ಬೇಕೆಂದು ಮಗ. ಈ ಅಂತರದ ಬೆಲೆ ಹಲವು ಸಾವಿರ ರೂಪಾಯಿ. ಕಾರ್ಡಿನ ವೀಡಿಯೋ ಮೆಮೊರಿ ಫಲಕಕ್ಕೇ ಬೆಸೆದಿರುವುದರಿಂದ ಮುಂದೆ ಅದನ್ನು ಹೆಚ್ಚಿಸಲು ಬರುವುದಿಲ್ಲ. ಆದುದರಿಂದ ಕೊಳ್ಳುವ ಮುನ್ನವೇ ವಿಚಾರ ಮಾಡುವುದು ಲೇಸು.

ವೀಡಿಯೋ ಮೆಮೊರಿಯು ಬ್ಯಾಂಕಿನ ನಗದು ಗುಮಾಸ್ತನ ಮೇಜಿನ ಪೆಟ್ಟಿಗೆಯಿದ್ದಂತೆ. ಪೆಟ್ಟಿಗೆಯಲ್ಲಿ ಹಣವಿರುವ ತನಕ ಪಾವತಿ ಸರಾಗ. ತೀರಿದರೆ ಪ್ರತಿ ಸಲವೂ ಭದ್ರಕೋಣೆಗೆ ಹೋಗಬೇಕು, ಸರದಿಯ ಸಾಲು ನಿಲ್ಲಬೇಕು. ಆದರೆ ಪೆಟ್ಟಿಗೆ ದೊಡ್ಡದಾದ ಮಾತ್ರಕ್ಕೆ ಗುಮಾಸ್ತನ ಕೈ ಚುರುಕಾಗದು.

ಈ ಪೆಟ್ಟಿಗೆಯನ್ನು ತುಂಬುವುದು ಯಾವುದು? 1920×1080ರ ತೆರೆಯಲ್ಲಿ 20,73,600 ಬಿಂದುಗಳಿವೆ. ಬಿಂದುವಿಗೆ 4 ಬೈಟಿನಂತೆ ಒಂದು ಚಿತ್ರಕ್ಕೆ ಸುಮಾರು 8 ಮೆಗಾಬೈಟ್. 3840×2160ರ 4ಕೆ ತೆರೆಗೆ ಅದರ ನಾಲ್ಮಡಿ. ಇಂತಹ ಹಲವು ಚಿತ್ರಗಳನ್ನು ಆಟವು ಏಕಕಾಲಕ್ಕೆ ಇಟ್ಟುಕೊಂಡರೂ ದೊಡ್ಡ ಪಾಲು ಅವುಗಳದಲ್ಲ. ಗೋಡೆ, ನೆಲ, ಮರ, ಉಡುಪುಗಳ ಮೇಲ್ಮೈಯನ್ನು ತೋರಿಸುವ ಟೆಕ್ಸ್ಚರುಗಳದು. 4096×4096 ಬಿಂದುಗಳ ಒಂದು ಟೆಕ್ಸ್ಚರನ್ನು ಬಿಂದುವಿಗೆ 1 ಬೈಟಿಗೆ ಸಂಕುಚಿಸಿದರೂ 16 ಮೆಗಾಬೈಟ್ ಬೇಕು. ಅಂತಹವು ನೂರಾರು ಇದ್ದರೆ ಲೆಕ್ಕ ಗಿಗಾಬೈಟುಗಳಿಗೆ ಏರುತ್ತದೆ.

2023ರಲ್ಲಿ ಬಂದ ಜಿಫೋರ್ಸ್ ಆರ್‌ಟಿಎಕ್ಸ್ 4060 ಟಿಐ ಕಾರ್ಡು ಉತ್ತಮ ಉದಾಹರಣೆ. ಅದೇ ಸಂಸ್ಕಾರಕಕ್ಕೆ 8 ಗಿಗಾಬೈಟ್ ಸೇರಿಸಿ 399 ಡಾಲರಿಗೂ, 16 ಸೇರಿಸಿ 499 ಡಾಲರಿಗೂ ಬಿಡುಗಡೆ ಮಾಡಲಾಯಿತು. 8 ಸಾಲುವ ಆಟಗಳಲ್ಲಿ ಎರಡರ ವೇಗವೂ ಹೆಚ್ಚುಕಡಿಮೆ ಒಂದೇ. ಸಾಲದಾದಾಗ ಮಾತ್ರ ವ್ಯತ್ಯಾಸ: ಕಾರ್ಡಿನೊಳಗೆ ಸೆಕೆಂಡಿಗೆ 288 ಗಿಗಾಬೈಟ್ ಹರಿಯುವ ಮಾಹಿತಿ, ಹೊರಗಿನಿಂದ ಬರುವಾಗ ಸುಮಾರು 16ಕ್ಕೆ ಇಳಿಯುತ್ತದೆ. ಪಾಲಾರಿವಟ್ಟಂ ಮೇಲ್ಸೇತುವೆ 2019ರ ಮೇ ತಿಂಗಳಲ್ಲಿ ಮುಚ್ಚಿ, ಮರುನಿರ್ಮಾಣಗೊಂಡು 2021ರ ಮಾರ್ಚಿನಲ್ಲಿ ತೆರೆಯುವವರೆಗೆ ವಾಹನಗಳೆಲ್ಲ ಕೆಳಗಿನ ರಸ್ತೆಗೇ ಇಳಿದುದನ್ನು ಇಲ್ಲಿಯವರು ಬಲ್ಲರು. ಆಟವು ತಡೆತಡೆದು ಸಾಗುವುದು ಇದೇ ಬಗೆಯಿಂದ.

ಹೀಗಾಗಿ 1920×1080ರ ತೆರೆಯಲ್ಲಿ ಕೌಂಟರ್ ಸ್ಟ್ರೈಕ್, ವ್ಯಾಲೊರಂಟ್‌ನಂತಹ ಸ್ಪರ್ಧಾ ಆಟಗಳಿಗೂ ಹಳೆಯ ಆಟಗಳಿಗೂ 8 ಗಿಗಾಬೈಟ್ ಸಾಕು. ಹೊಸ ದೊಡ್ಡ ಆಟಗಳಿಗೆ, ಅಥವಾ 2560×1440ರ ತೆರೆಗೆ 12 ಇದ್ದರೆ ನೆಮ್ಮದಿ. 4ಕೆ ತೆರೆ ಉಳ್ಳವರು, ಕಾರ್ಡನ್ನು ಐದಾರು ವರ್ಷ ಬಳಸಬಯಸುವವರು 16ನ್ನು ಯೋಚಿಸಬಹುದು. ಈಗಾಗಲೇ 8ರ ಕಾರ್ಡು ಮನೆಯಲ್ಲಿದ್ದರೆ ಹೊಸತಕ್ಕೆ ಅವಸರಪಡಬೇಕಿಲ್ಲ. ಟೆಕ್ಸ್ಚರಿನ ಗುಣಮಟ್ಟವನ್ನು ಒಂದು ಮೆಟ್ಟಿಲು ಇಳಿಸಿ ನೋಡುವುದೇ ಮೊದಲ ಚಿಕಿತ್ಸೆ. ತೆರೆಯ ಮೇಲೆ ಕಾಣುವ ಮೆಮೊರಿ ಬಳಕೆಯ ಅಂಕಿಯೂ ಪೂರ್ಣ ಪ್ರಮಾಣವಲ್ಲ, ಆಟಗಳು ಅಗತ್ಯಕ್ಕಿಂತ ಹೆಚ್ಚು ಕಾದಿರಿಸಿಕೊಳ್ಳುವುದುಂಟು.

ತಂದೆ ಮಕ್ಕಳು ಮೊದಲು ಆಡುವ ಆಟಗಳ ಹೆಸರನ್ನೂ ತೆರೆಯ ಅಳತೆಯನ್ನೂ ಕಾಗದದ ಮೇಲೆ ಬರೆದುಕೊಳ್ಳಲಿ. ವಾದ ಅರ್ಧ ತೀರುತ್ತದೆ. ಉಳಿದ ಹಣದಲ್ಲಿ ಒಳ್ಳೆಯ ಕುರ್ಚಿಯೊಂದು ಬಂದರೆ ಬೆನ್ನಿಗೆ ಹಿತ. ಇಪ್ಪತ್ತು ನಿಮಿಷಕ್ಕೊಮ್ಮೆ ಇಪ್ಪತ್ತು ಅಡಿ ದೂರದ ವಸ್ತುವನ್ನು ಇಪ್ಪತ್ತು ಸೆಕೆಂಡು ನೋಡುವ ಅಭ್ಯಾಸಕ್ಕೆ ಖರ್ಚೇ ಇಲ್ಲ. ಕಾರ್ಡನ್ನು ಬದಲಿಸಬಹುದು, ಕಣ್ಣುಗಳನ್ನಲ್ಲ.