ಶಾಲು, ಸ್ಮರಣಿಕೆ ಮತ್ತು ಶುಲ್ಕ
(ಸೇವಾ ಸಂಸ್ಥೆಗಳ ನಿಧಿ ಸಂಗ್ರಹ ಹಾಗೂ ವಿದ್ಯಾರ್ಥಿ ಪುರಸ್ಕಾರದ ಕುರಿತು ಒಂದು ಸಹಕಾರ ಪಾಠ)



ಎಸ್.ಎಸ್.ಎಲ್.ಸಿ. ಫಲಿತಾಂಶ ಹೊರಬಿದ್ದ ಕೂಡಲೇ ನಮ್ಮ ಪುತ್ತೂರು, ಸುಳ್ಯ, ಕಡಬ ತಾಲ್ಲೂಕುಗಳಲ್ಲಿ ಸನ್ಮಾನಗಳ ಕಾಲ ಆರಂಭವಾಗುತ್ತದೆ. ರೋಟರಿ, ಲಯನ್ಸ್, ಜೇಸೀ ಮುಂತಾದ ಸೇವಾ ಸಂಸ್ಥೆಗಳೂ ಯುವಕ ಮಂಡಲಗಳೂ ನಮ್ಮಂತಹ ಸಹಕಾರ ಸಂಘಗಳೂ ಹೆಚ್ಚು ಅಂಕ ಪಡೆದ ಮಕ್ಕಳನ್ನು ವೇದಿಕೆಗೆ ಕರೆದು ಶಾಲು ಹೊದಿಸುತ್ತವೆ. ಇದಕ್ಕೆ ಬೇಕಾದ ಹಣದಲ್ಲಿ ದೊಡ್ಡ ಪಾಲು ಅಡಿಕೆ, ಕಾಫಿ ಬೆಳೆಗಾರರದ್ದು. ರಶೀದಿ ಪುಸ್ತಕ ಹಿಡಿದು ಬರುವವರು ಮೊದಲು ಹತ್ತುವುದು ತೋಟದ ಮನೆಯ ಮೆಟ್ಟಿಲನ್ನೇ ಅಲ್ಲವೆ?

ನಮ್ಮ ಸಂಘವೂ ಒಂದು ಸೇವಾ ಸಂಸ್ಥೆಯೊಡನೆ ಸೇರಿ ವಿದ್ಯಾರ್ಥಿ ನಿಧಿಯೊಂದನ್ನು ಸ್ಥಾಪಿಸಬೇಕೆಂಬ ಸೂಚನೆ ಕಳೆದ ಮಹಾಸಭೆಯಲ್ಲಿ ಬಂದಿತ್ತು. ಮುಂದಿನ ಸಭೆಯಲ್ಲಿ ಅದು ನಿರ್ಣಯಕ್ಕೆ ಬರಲಿದೆ. ಕೈ ಎತ್ತುವ ಮೊದಲು ವಿಷಯವನ್ನು ಸ್ವಲ್ಪ ಅಭ್ಯಾಸ ಮಾಡುವುದು ಒಳ್ಳೆಯದೆಂದು ಈ ಪಾಠವನ್ನು ಬರೆದಿದ್ದೇನೆ.

1. ಸೇವಾ ಸಂಸ್ಥೆ ಎಂದರೇನು?

ಪಾಲ್ ಹ್ಯಾರಿಸ್ ಎಂಬ ವಕೀಲರು 1905ರಲ್ಲಿ ಅಮೆರಿಕದ ಶಿಕಾಗೋ ನಗರದಲ್ಲಿ ಮೂವರು ಮಿತ್ರರೊಡನೆ ಕುಳಿತು ಆರಂಭಿಸಿದ ಕೂಟವೇ ರೋಟರಿ. ಜೇಸೀ ಸಂಸ್ಥೆಯ ಮೂಲ 1915ರಷ್ಟು ಹಿಂದಿನದು. ವಿಮಾ ವ್ಯವಹಾರದಲ್ಲಿದ್ದ ಮೆಲ್ವಿನ್ ಜೋನ್ಸ್ ಅವರ ಪ್ರಯತ್ನದಿಂದ ಲಯನ್ಸ್ 1917ರಲ್ಲಿ ಹುಟ್ಟಿತು. ನಮ್ಮ ದೇಶಕ್ಕೆ ರೋಟರಿ ಕಲ್ಕತ್ತೆಯ ಮೂಲಕ 1920ರ ಸುಮಾರಿಗೆ ಬಂದರೆ, ಲಯನ್ಸ್ 1956ರಲ್ಲಿ ಮುಂಬಯಿಯಲ್ಲಿ ಕಾಲೂರಿತು.

ಪುತ್ತೂರಿನಲ್ಲಿಯೂ ಒಬ್ಬ ವಕೀಲರು ಅದೇ ಕಾಲದಲ್ಲಿ ಇನ್ನೊಂದು ಬಗೆಯ ಕೂಟವನ್ನು ಕಟ್ಟುತ್ತಿದ್ದರು. ಅವರೇ ಮೊಳಹಳ್ಳಿ ಶಿವರಾಯರು, ನಮ್ಮ ಜಿಲ್ಲೆಯ ಸಹಕಾರ ಚಳವಳಿಯ ಪಿತಾಮಹರು. ಅವರ ಶ್ರಮದಿಂದ ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕು ಪುತ್ತೂರಿನಲ್ಲೇ ಜನ್ಮ ತಾಳಿತು.

ಈ ಎರಡು ಬಗೆಯ ಸಂಸ್ಥೆಗಳಿಗೂ ಇರುವ ಅಂತರವನ್ನು ತಿಳಿದುಕೊಳ್ಳಬೇಕು. ಸಹಕಾರ ಸಂಘದಲ್ಲಿ ಸದಸ್ಯರ ಹಣ ಸದಸ್ಯರ ಹಿತಕ್ಕಾಗಿ ದುಡಿಯುತ್ತದೆ; ಲೆಕ್ಕ ಕೇಳುವ ಹಕ್ಕು ಪ್ರತಿ ಪಾಲುದಾರನಿಗೂ ಇದೆ. ಸೇವಾ ಸಂಸ್ಥೆಯಲ್ಲಿ ಸದಸ್ಯರ ಸಮಯವೂ ಸಾರ್ವಜನಿಕರ ಹಣವೂ ಸೇರಿ ಮೂರನೆಯವರ ಹಿತಕ್ಕೆ ಹೋಗುತ್ತವೆ. ಅಲ್ಲಿ ದೇಣಿಗೆ ಕೊಟ್ಟವನಿಗೆ ಮಹಾಸಭೆಯಲ್ಲಿ ಎದ್ದು ನಿಲ್ಲುವ ಹಕ್ಕಿಲ್ಲ, ಪಡೆದ ಮಗುವಿಗೆ ಪ್ರಶ್ನಿಸುವ ಧೈರ್ಯವಿಲ್ಲ. ಆದುದರಿಂದ ನಡುವೆ ನಿಂತವರ ಹೊಣೆ ಇಮ್ಮಡಿಯಾಗುತ್ತದೆ.

ಎರಡೂ ಕೈ ಜೋಡಿಸಿದರೆ ಏನಾಗಬಹುದೆಂಬುದಕ್ಕೆ ಪುತ್ತೂರಿನ ರೋಟರಿ ಕ್ಯಾಂಪ್ಕೊ ರಕ್ತನಿಧಿಯೇ ಸಾಕ್ಷಿ. 1973ರಲ್ಲಿ ವಾರಣಾಶಿ ಸುಬ್ರಾಯ ಭಟ್ಟರ ನಾಯಕತ್ವದಲ್ಲಿ ಅಡಿಕೆ ಬೆಳೆಗಾರರು ಕಟ್ಟಿದ ಸಹಕಾರಿಯ ಹೆಸರೂ ಒಂದು ಸೇವಾ ಸಂಸ್ಥೆಯ ಹೆಸರೂ ಅಲ್ಲಿ ಒಂದೇ ಫಲಕದಲ್ಲಿವೆ.

2. ಎರಡು ಲೆಕ್ಕ

ಲಯನ್ಸ್ ಸಂಸ್ಥೆಯ ನಿಯಮಗಳಲ್ಲಿ ನಾವು ಕಲಿಯಬೇಕಾದ ಒಂದು ಅಂಶವಿದೆ. ಪ್ರತಿ ಕ್ಲಬ್ಬು ಎರಡು ಪ್ರತ್ಯೇಕ ಲೆಕ್ಕಗಳನ್ನು ಇಡಬೇಕು. ಒಂದು ಆಡಳಿತದ ಲೆಕ್ಕ. ಸದಸ್ಯರ ಚಂದಾ ಹಣ ಅದಕ್ಕೆ ಜಮೆ. ಸಭೆಯ ಊಟೋಪಚಾರ, ಅಂಚೆ, ಪ್ರವಾಸಗಳ ಖರ್ಚು ಅದರಿಂದಲೇ ನಡೆಯಬೇಕು. ಇನ್ನೊಂದು ಸೇವಾ ಲೆಕ್ಕ. ಸಾರ್ವಜನಿಕರಿಂದ ಸಂಗ್ರಹಿಸಿದ್ದೆಲ್ಲ ಅದಕ್ಕೆ ಜಮೆ. ಸಂಗ್ರಹಕ್ಕಾಗಿಯೇ ತಗಲಿದ ನೇರ ಖರ್ಚನ್ನು ಕಳೆದು ಉಳಿದುದು ಸಾರ್ವಜನಿಕರಿಗೇ ಹಿಂತಿರುಗಬೇಕು. ಸೇವಾ ಲೆಕ್ಕದಿಂದ ಆಡಳಿತಕ್ಕೆ ಬಿಡಿಗಾಸನ್ನೂ ತಿರುಗಿಸುವಂತಿಲ್ಲ.

ನಿಯಮ ಸರಳ, ಪಾಲನೆ ಕಠಿಣ. ಮುಖ್ಯ ಅತಿಥಿಗಳ ಹಾರ, ಫಲಪುಷ್ಪ, ಪದಾಧಿಕಾರಿಗಳ ಭಾವಚಿತ್ರವಿರುವ ಫ್ಲೆಕ್ಸು, ಸಭೆಯ ಬಳಿಕದ ಊಟ – ಇವು ಯಾವ ಲೆಕ್ಕಕ್ಕೆ? “ವಿದ್ಯಾರ್ಥಿಗಳ ಕಾರ್ಯಕ್ರಮವಲ್ಲವೆ, ಸೇವಾ ಲೆಕ್ಕಕ್ಕೇ ಹಾಕಿಬಿಡಿ” ಎಂಬ ಮಾತು ಇಲ್ಲಿಯೇ ನುಸುಳುವುದು. ಬೋರ್ಡೋ ದ್ರಾವಣ ತಯಾರಿಸುವಾಗ ನಾವು ಮೈಲುತುತ್ತನ್ನೂ ಸುಣ್ಣವನ್ನೂ ಬೇರೆ ಬೇರೆ ಪಾತ್ರೆಯಲ್ಲಿ ಕರಗಿಸಿ, ಬೆರೆಸಿದ ಮೇಲೆ ಚಾಕುವಿನ ಅಲಗನ್ನು ಅದ್ದಿ ನೋಡುತ್ತೇವೆ. ಅಲಗು ಕೆಂಪಾದರೆ ಸುಣ್ಣ ಸಾಲದು ಎಂದರ್ಥ. ನಿಧಿಯ ಲೆಕ್ಕಕ್ಕೂ ಅಂತಹ ಒಂದು ಪರೀಕ್ಷೆ ಬೇಕು. ನನ್ನ ದೃಷ್ಟಿಯಲ್ಲಿ ಅದು ಇಷ್ಟೆ: ದಾನಿ ಕೊಟ್ಟ ನೂರು ರೂಪಾಯಿಯಲ್ಲಿ ಮಗುವಿನ ಕೈ ಸೇರಿದ್ದು ಎಷ್ಟು?

ಉದಾಹರಣೆಗಾಗಿ ಒಂದು ಸಹಾಯಾರ್ಥ ಯಕ್ಷಗಾನ ಪ್ರದರ್ಶನವನ್ನು ಕಲ್ಪಿಸಿಕೊಳ್ಳಿ.

ಟಿಕೆಟು ಮಾರಾಟ: ರೂ. 80,000
ಸ್ಮರಣ ಸಂಚಿಕೆಯ ಜಾಹೀರಾತು: ರೂ. 40,000
ಒಟ್ಟು ಜಮೆ: ರೂ. 1,20,000
ಮೇಳದ ವೀಳ್ಯ, ರಂಗಸ್ಥಳ, ಧ್ವನಿ-ಬೆಳಕು: ರೂ. 65,000
ಸಂಚಿಕೆ, ಟಿಕೆಟುಗಳ ಮುದ್ರಣ: ರೂ. 15,000
ಉಳಿಕೆ: ರೂ. 40,000

ಅಂದರೆ ನೂರಕ್ಕೆ ಮೂವತ್ತಮೂರು. ಇದು ಅಕ್ರಮವಲ್ಲ, ಜನರು ಒಂದು ರಾತ್ರಿ ಆಟ ನೋಡಿದ್ದಾರೆ, ಕಲಾವಿದರಿಗೆ ಸಂಭಾವನೆ ಸಂದಿದೆ. ಆದರೆ “ವಿದ್ಯಾರ್ಥಿಗಳಿಗಾಗಿ 1,20,000 ಸಂಗ್ರಹ” ಎಂದು ಮಾತ್ರ ಪ್ರಚಾರ ಮಾಡಿ ಸುಮ್ಮನಾದರೆ ಅದು ಅರ್ಧಸತ್ಯ. ಜಮೆ, ಖರ್ಚು, ಉಳಿಕೆ ಮೂರನ್ನೂ ಒಂದೇ ಹಾಳೆಯಲ್ಲಿ ಬರೆದು ಸಂಘದ ಸೂಚನಾ ಫಲಕಕ್ಕೆ ಅಂಟಿಸಿದರೆ ಮುಂದಿನ ವರ್ಷ ರಶೀದಿ ಪುಸ್ತಕಕ್ಕೆ ತಾನಾಗಿ ಗೌರವ ಬರುತ್ತದೆ.

3. ಒಂದು ಅನುಭವ

ಕೆಲವು ವರ್ಷಗಳ ಹಿಂದೆ ನಾನು ಒಂದು ಸೇವಾ ಸಂಸ್ಥೆಯ ಕೋಶಾಧಿಕಾರಿಯಾಗಿದ್ದೆ. ಅದರ ಹೆಸರು ಇಲ್ಲಿ ಅಪ್ರಸ್ತುತ. ಜುಲೈ ತಿಂಗಳ ಪದಗ್ರಹಣ ಸಮಾರಂಭದಲ್ಲಿ ಹತ್ತಾರು ವಿದ್ಯಾರ್ಥಿಗಳಿಗೆ ಶಾಲು, ಹಾರ, ಸ್ಮರಣಿಕೆ, ಪ್ರಶಸ್ತಿ ಪತ್ರಗಳನ್ನಿತ್ತು ಗೌರವಿಸಿದೆವು. ಅವರಲ್ಲಿ ಒಬ್ಬಳು ತೋಟಗಳಿಗೆ ಮದ್ದು ಬಿಡಲು, ಅಡಿಕೆ ಕೊಯ್ಯಲು ಹೋಗುವವರೊಬ್ಬರ ಮಗಳು. ಸಭೆಯಲ್ಲಿ ಅತ್ಯಂತ ಹೆಚ್ಚು ಚಪ್ಪಾಳೆ ಬಿದ್ದದ್ದು ಅವಳಿಗೇ.

ಮರುವಾರ ಆಕೆಯ ತಾಯಿ ನಮ್ಮ ಸಂಘದ ಕಚೇರಿಗೆ ಬಂದರು. ಪ್ಲಾಸ್ಟಿಕ್ ಚೀಲದಿಂದ ಜೋಪಾನವಾಗಿ ತೆಗೆದು ಮೇಜಿನ ಮೇಲಿಟ್ಟದ್ದು ನಾನೇ ಸಹಿ ಮಾಡಿದ್ದ ಪ್ರಶಸ್ತಿ ಪತ್ರ. “ಇದನ್ನು ತೋರಿಸಿದರೆ ಸೊಸೈಟಿಯಲ್ಲಿ ಸಾಲ ಸಿಗಬಹುದು ಅಂತ ಯಾರೋ ಹೇಳಿದರು ಅಣ್ಣ. ಹಾಸ್ಟೆಲಿಗೆ ಕಟ್ಟಬೇಕಿತ್ತು” ಎಂದರು. ಅವರಿಗೆ ಆರ್.ಟಿ.ಸಿ. ಇರುವ ಭೂಮಿಯಿಲ್ಲ, ಸಂಘದ ಸದಸ್ಯತ್ವವೂ ಇಲ್ಲ. ನಿಯಮದಂತೆ ಸಾಲ ಕೊಡುವಂತಿರಲಿಲ್ಲ. ನಾವು ಕೆಲವರು ಕೈಯಿಂದ ಹಣ ಹಾಕಿ ವಿಚಾರಿಸುವ ಹೊತ್ತಿಗೆ ಹಾಸ್ಟೆಲಿನ ಸ್ಥಳ ಬೇರೆಯವರಿಗೆ ಹೋಗಿ ಹದಿನೈದು ದಿನಗಳಾಗಿದ್ದವು. ವಿಜ್ಞಾನ ಓದಬೇಕೆಂದಿದ್ದ ಹುಡುಗಿ ಮನೆಗೆ ಹತ್ತಿರದ ಕಾಲೇಜಿನಲ್ಲಿದ್ದ ಕಲಾ ವಿಭಾಗಕ್ಕೆ ಸೇರಿದಳು. ಕಲಾ ವಿಭಾಗ ಕೀಳೆಂದು ನಾನು ಹೇಳುತ್ತಿಲ್ಲ. ಆದರೆ ಆ ಆಯ್ಕೆ ಅವಳದಾಗಿರಲಿಲ್ಲ.

ಆ ಸಂಜೆ ಲೆಕ್ಕದ ಪುಸ್ತಕ ತೆಗೆದು ನೋಡಿದೆ. ಅವಳಿಗೆ ಬೇಕಾಗಿದ್ದ ಮೊತ್ತಕ್ಕಿಂತ ನಾವು ವೇದಿಕೆಯ ಅಲಂಕಾರ ಹಾಗೂ ಸ್ಮರಣಿಕೆಗಳಿಗೆ ಮಾಡಿದ್ದ ಖರ್ಚು ಹೆಚ್ಚಿತ್ತು. ಎಲ್ಲದಕ್ಕೂ ವೋಚರು ಇತ್ತು. ಎಲ್ಲದರ ಮೇಲೂ ನನ್ನ ಸಹಿ ಇತ್ತು. ಒಂದು ಪೈಸೆಯ ದುರುಪಯೋಗವಾಗಿರಲಿಲ್ಲ. ಆದರೂ ಹಣ ಸೇರಬೇಕಾದಲ್ಲಿಗೆ ಸೇರಿರಲಿಲ್ಲ.

4. ಸಂಗ್ರಹದ ಕಾಲ, ವಿತರಣೆಯ ಕಾಲ

ಈ ತಪ್ಪಿನ ಮೂಲ ಯಾರ ದುರುದ್ದೇಶವೂ ಅಲ್ಲ, ಪಂಚಾಂಗ. ರೋಟರಿ, ಲಯನ್ಸ್ ಸಂಸ್ಥೆಗಳ ವರ್ಷ ಜುಲೈ 1ರಂದು ಆರಂಭವಾಗುತ್ತದೆ. ಹೊಸ ಅಧ್ಯಕ್ಷರು ಪದಗ್ರಹಣದ ದಿನವೇ ಒಂದು ಒಳ್ಳೆಯ ಕೆಲಸ ಮಾಡಬೇಕೆಂದು ಬಯಸುವುದು ಸಹಜ. ಆದರೆ ಪಿ.ಯು.ಸಿ. ಪ್ರವೇಶ, ಹಾಸ್ಟೆಲು, ಸಮವಸ್ತ್ರ, ಪುಸ್ತಕಗಳ ಖರ್ಚು ಬೀಳುವುದು ಮೇ-ಜೂನ್ ತಿಂಗಳಲ್ಲಿ. ಕೊಳೆರೋಗಕ್ಕೆ ಮದ್ದು ಬಿಡಿಸಲು ಬೆಳೆಗಾರನ ಕಿಸೆ ಬರಿದಾಗುವುದೂ ಆಗಲೇ. ಹೀಗೆ ಕೊಡುವವನ ಕೈ ಬರಿದಾದಾಗ ಸಂಗ್ರಹ, ಪಡೆಯುವವನ ಅಗತ್ಯ ಮುಗಿದ ಮೇಲೆ ವಿತರಣೆ ಎಂಬಂತಾಗುತ್ತದೆ.

ಸಂಗ್ರಹಕ್ಕೆ ಯೋಗ್ಯವಾದ ಕಾಲ ಜನವರಿಯಿಂದ ಮಾರ್ಚ್. ಆಗ ಅಂಗಳದಲ್ಲಿ ಹೊಸ ಅಡಿಕೆ ಒಣಗಿ ಚಾಲಿಯಾಗಿರುತ್ತದೆ, ಕಾಫಿಯೂ ಕೊಯ್ಲಾಗಿರುತ್ತದೆ. ನನ್ನ ಸಲಹೆ ಇದು: ಅಡಿಕೆ ಮಾರಲು ಬರುವ ಸದಸ್ಯರು ಮನಸ್ಸಿದ್ದರೆ ವರ್ಷಕ್ಕೊಮ್ಮೆ ಒಂದು ಕಿಲೋ ಚಾಲಿಯನ್ನು ವಿದ್ಯಾರ್ಥಿ ನಿಧಿಗೆ ಬಿಟ್ಟುಕೊಡಲಿ. ಅಂದಿನ ಧಾರಣೆಯಂತೆ ಅದರ ಬೆಲೆಗೆ ಸಂಘ ರಶೀದಿ ಕೊಡಲಿ. ಇದರಲ್ಲಿ ಪೆಂಡಾಲಿಲ್ಲ, ಫ್ಲೆಕ್ಸಿಲ್ಲ. ನೂರಕ್ಕೆ ನೂರರಷ್ಟು ನಿಧಿಗೆ ಸೇರುತ್ತದೆ. ಹಳದಿ ಎಲೆ ರೋಗದಿಂದ ತೋಟ ಕಳೆದುಕೊಂಡ ಸಂಪಾಜೆ, ಅರಂತೋಡು ಕಡೆಯ ಸದಸ್ಯರಿಂದ ಏನನ್ನೂ ನಿರೀಕ್ಷಿಸಕೂಡದು. ಅವರ ಮಕ್ಕಳು ಈ ನಿಧಿಯ ಮೊದಲ ಹಕ್ಕುದಾರರು.

ಸಣ್ಣ ಮೊತ್ತವೆಂದು ಹಗುರವಾಗಿ ಕಾಣಬೇಡಿ. 1928ರಲ್ಲಿ ನಮ್ಮ ಕರಾವಳಿಯಲ್ಲೇ ಸಿಂಡಿಕೇಟ್ ಬ್ಯಾಂಕು ಆರಂಭಿಸಿದ ಪಿಗ್ಮಿ ಠೇವಣಿ, ಮನೆಮನೆಯಿಂದ ದಿನಕ್ಕೆ ಎರಡಾಣೆ ಕೂಡಿಸಿ ಬೆಳೆದದ್ದು. ಹನಿಗೂಡಿದರೆ ಹಳ್ಳ ಎಂಬ ಮಾತಿಗೆ ನಮ್ಮ ಜಿಲ್ಲೆಗಿಂತ ಬೇರೆ ಸಾಕ್ಷಿ ಬೇಕಿಲ್ಲ.

5. ಯಾರನ್ನು ಗುರುತಿಸಬೇಕು?

625ಕ್ಕೆ 620 ಪಡೆದ ಮಗುವನ್ನು ಗೌರವಿಸುವುದು ಯೋಗ್ಯವೇ. ಆದರೆ ಅದೇ ಮಗುವಿಗೆ ಶಾಲೆ, ಪಂಚಾಯತು, ಜಾತಿ ಸಂಘ, ಮೂರು ಕ್ಲಬ್ಬುಗಳು ಶಾಲು ಹೊದಿಸಿರುತ್ತವೆ. ಏಳನೆಯ ಶಾಲು ನಮ್ಮದಾಗಬೇಕೆ? ಕೊಲ್ಲಮೊಗ್ರು, ಕಲ್ಮಕಾರುಗಳಂತಹ ಘಟ್ಟದ ಬುಡದ ಹಳ್ಳಿಯಿಂದ ಮಳೆಗಾಲದಲ್ಲಿ ಹೊಳೆ-ತೋಡು ದಾಟಿ ಬಂದು 400 ಪಡೆದ ಹುಡುಗ, ಒಮ್ಮೆ ಅನುತ್ತೀರ್ಣನಾಗಿ ಎರಡನೆಯ ಸಲ ಬರೆದು ತೇರ್ಗಡೆಯಾದವನು – ಇವರನ್ನು ಗುರುತಿಸುವವರು ಬೇಕಾಗಿದ್ದಾರೆ.

ಆಯ್ಕೆಯ ಮಾನದಂಡವನ್ನು ಮೊದಲೇ ಪ್ರಕಟಿಸಬೇಕು. ಲಯನ್ಸ್ ಸಂಸ್ಥೆ 1988ರಿಂದ ಹನ್ನೊಂದರಿಂದ ಹದಿಮೂರು ವಯಸ್ಸಿನ ಮಕ್ಕಳಿಗಾಗಿ ನಡೆಸುತ್ತ ಬಂದಿರುವ ಶಾಂತಿ ಭಿತ್ತಿಚಿತ್ರ ಸ್ಪರ್ಧೆಯಲ್ಲಿ ಸ್ವಂತಿಕೆ, ಕಲಾಗುಣ, ವಿಷಯದ ನಿರೂಪಣೆ ಎಂಬ ಮೂರು ಅಂಶಗಳನ್ನು ಮುಂಚಿತವಾಗಿ ತಿಳಿಸಲಾಗುತ್ತದೆ. ಚಿತ್ರದಲ್ಲಿ ಅಕ್ಷರ ಬರೆಯುವಂತಿಲ್ಲ. ಆದುದರಿಂದ ಭಾಷೆ ಯಾವುದಾದರೂ ಮಗು ಸಮಾನವಾಗಿ ಸ್ಪರ್ಧಿಸಬಲ್ಲದು. ಇಂತಹ ಸ್ಪಷ್ಟತೆ ನಮ್ಮ ನಿಧಿಗೂ ಇರಲಿ.

ಪುರಸ್ಕಾರವೆಂದರೆ ಹಣ ಕೊಡುವುದೊಂದೇ ಅಲ್ಲ. ಕೇಂದ್ರ ಸರಕಾರದ ಎನ್.ಎಂ.ಎಂ.ಎಸ್. ವಿದ್ಯಾರ್ಥಿವೇತನವನ್ನು ಗಮನಿಸಿ. ಸರಕಾರಿ ಹಾಗೂ ಅನುದಾನಿತ ಶಾಲೆಗಳ ಎಂಟನೆಯ ತರಗತಿಯ ಮಕ್ಕಳು ಇದರ ಪರೀಕ್ಷೆ ಬರೆಯಬಹುದು. ಹೆತ್ತವರ ವಾರ್ಷಿಕ ಆದಾಯ ಮೂರೂವರೆ ಲಕ್ಷ ಮೀರಿರಬಾರದು. ಆಯ್ಕೆಯಾದರೆ ಒಂಬತ್ತರಿಂದ ಹನ್ನೆರಡನೆಯ ತರಗತಿಯ ತನಕ ವರ್ಷಕ್ಕೆ ರೂ. 12,000ದಂತೆ ನಾಲ್ಕು ವರ್ಷಕ್ಕೆ ರೂ. 48,000 ಮಗುವಿನ ಖಾತೆಗೇ ಬರುತ್ತದೆ. ನಮ್ಮಲ್ಲಿನ ಪದವೀಧರ ಸದಸ್ಯರು, ನಿವೃತ್ತ ಅಧ್ಯಾಪಕರು ಶನಿವಾರ ಮಧ್ಯಾಹ್ನ ಎರಡು ಗಂಟೆ ಸಂಘದ ಸಭಾಭವನದಲ್ಲಿ ಗಣಿತ, ವಿಜ್ಞಾನ, ಮಾನಸಿಕ ಸಾಮರ್ಥ್ಯದ ಪಾಠ ಹೇಳಿದರೆ ಸಾಕು. ಹತ್ತು ಮಕ್ಕಳು ಗೆದ್ದರೆ 4,80,000 ರೂಪಾಯಿ. ಯಾವ ಸಹಾಯಾರ್ಥ ಪ್ರದರ್ಶನದಿಂದ ಅಷ್ಟು ಉಳಿದೀತು? ಆಯಾ ವರ್ಷದ ಸುತ್ತೋಲೆ, ಅರ್ಜಿಯ ಕೊನೆಯ ದಿನಾಂಕಗಳನ್ನು ಶಾಲೆಯ ಮುಖ್ಯೋಪಾಧ್ಯಾಯರಲ್ಲಿ ಕೇಳಿ ತಿಳಿಯಬೇಕು.

6. ಕೊಡುವ ರೀತಿ

(ಅ) ಪ್ರಶಂಸೆ ವೇದಿಕೆಯಲ್ಲಿರಲಿ, ಹಣ ಬ್ಯಾಂಕಿನ ಮೂಲಕ ಹೋಗಲಿ. ಮೈಕಿನಲ್ಲಿ “ಕಡುಬಡವರ ಮಗಳು” ಎಂದು ಕೂಗಿ ಕವರು ಕೊಡುವುದು ಪುರಸ್ಕಾರವಲ್ಲ. ಹದಿನಾರರ ಹರೆಯದಲ್ಲಿ ಆ ಮಾತು ಬಹಳ ಕಾಲ ನೋಯುತ್ತದೆ.

(ಆ) ಖರ್ಚು ಎಲ್ಲಿ ಬೀಳುತ್ತದೆಂದು ವಿಚಾರಿಸಿ ಕೊಡಿ. 2023ರ ಜೂನಿನಿಂದ ರಾಜ್ಯದ ಸರಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟಿನ ಖರ್ಚಿಲ್ಲ. ಆದರೆ ಖಾಸಗಿ ಬಸ್ಸು, ಜೀಪುಗಳನ್ನೇ ನಂಬಿದ ಒಳದಾರಿಗಳು ನಮ್ಮಲ್ಲಿ ಹಲವಿವೆ. ಒಬ್ಬರಿಗೆ ಹಾಸ್ಟೆಲು, ಇನ್ನೊಬ್ಬರಿಗೆ ಪುಸ್ತಕ, ಮತ್ತೊಬ್ಬರಿಗೆ ಕನ್ನಡಕ ಬೇಕಾಗಿರಬಹುದು.

(ಇ) ಒಂದು ವರ್ಷ ಕೊಟ್ಟು ಕೈಬಿಡಬೇಡಿ. ಹತ್ತು ಮಕ್ಕಳಿಗೆ ಒಂದೊಂದು ವರ್ಷ ಕೊಡುವ ಬದಲು ಐವರಿಗೆ ಪಿ.ಯು.ಸಿ.ಯ ಎರಡು ವರ್ಷವೂ ಕೊಡುವುದು ಮೇಲು.

(ಈ) ದಾನಿಗಳಿಗೆ ರಶೀದಿ ಕಡ್ಡಾಯ. ಎರಡು ಸಾವಿರ ಮೀರಿದ ದೇಣಿಗೆಯನ್ನು ಚೆಕ್ಕಿನಲ್ಲಾಗಲಿ ಬ್ಯಾಂಕ್ ವರ್ಗಾವಣೆಯಲ್ಲಾಗಲಿ ಪಡೆಯುವುದು ಲೇಸು.

7. ಚರ್ಚೆಗಾಗಿ ಪ್ರಶ್ನೆಗಳು

ಮಹಾಸಭೆಗೆ ಮುಂಚೆ ಪ್ರತಿ ಗ್ರಾಮದ ಸದಸ್ಯರು ಒಂದೆಡೆ ಕಲೆತು ಈ ಕೆಳಗಿನವುಗಳನ್ನು ಚರ್ಚಿಸಬೇಕೆಂದು ಕೋರುತ್ತೇನೆ.

ಒಂದು: ನಿಧಿಯನ್ನು ಸೇವಾ ಸಂಸ್ಥೆಯೊಡನೆ ಜಂಟಿಯಾಗಿ ಇಡಬೇಕೆ, ಅಥವಾ ಹಣ ನಮ್ಮಲ್ಲಿ, ಆಯ್ಕೆ ಜಂಟಿ ಸಮಿತಿಯಲ್ಲಿ ಎಂದಾಗಬೇಕೆ?
ಎರಡು: ಸಮಾರಂಭದ ಖರ್ಚನ್ನು ಯಾರು ಭರಿಸಬೇಕು?
ಮೂರು: ಸದಸ್ಯರಲ್ಲದ ತೋಟದ ಕೆಲಸಗಾರರ ಮಕ್ಕಳಿಗೆ ಈ ನಿಧಿಯಲ್ಲಿ ಪಾಲಿರಬೇಕೆ?
ನಾಲ್ಕು: ಮೇ ತಿಂಗಳ ಕೊನೆಯ ಒಳಗೆ ಹಣ ಮಕ್ಕಳ ಕೈ ಸೇರುವಂತೆ ಮಾಡಲು ಏನು ವ್ಯವಸ್ಥೆ ಬೇಕು?

ಮೂರನೆಯ ಪ್ರಶ್ನೆಗೆ ನನ್ನ ಉತ್ತರವನ್ನು ಮುಚ್ಚಿಡುವುದಿಲ್ಲ. ನಮ್ಮ ಅಡಿಕೆ ಮರದಿಂದ ಇಳಿದು ಅಂಗಳಕ್ಕೆ ಬರುವುದು ಅವರ ಕೈಯಿಂದ. ಪಾಲಿರಬೇಕು ಎಂದೇ ನಾನು ಮಹಾಸಭೆಯಲ್ಲಿ ಕೈ ಎತ್ತಲಿದ್ದೇನೆ. ಒಪ್ಪದವರು ಅಂದು ಬಂದು ತಮ್ಮ ಅಭಿಪ್ರಾಯವನ್ನು ಹೇಳಬೇಕು, ಬಾರದೆ ಇರಬಾರದು.

– ಕಾರ್ಯದರ್ಶಿ