ನಗರ ಹಸಿರು, ಹವಾಮಾನ, ಸಮಾನತೆ: ಮಂಡ್ಯ ಜಿಲ್ಲೆಯ ನೋಟ

ಮಂಡ್ಯ ಜಿಲ್ಲೆಯ ಹಸಿರು ಎಂದರೆ ಮೊದಲು ನೆನಪಾಗುವುದು ಕಾವೇರಿ ದಂಡೆ. ಶ್ರೀರಂಗಪಟ್ಟಣದ ದರಿಯಾ ದೌಲತ್ ಬಾಗ್ (1784), ಕೆ.ಆರ್.ಎಸ್. ಬೃಂದಾವನ, 1940ರಲ್ಲಿ ಪಕ್ಷಿಧಾಮವಾಗಿ 2022ರಲ್ಲಿ ರಾಜ್ಯದ ಮೊದಲ ರಾಮ್ಸಾರ್ ತಾಣವಾದ ರಂಗನತಿಟ್ಟು, ಎಲ್ಲವೂ ಅಲ್ಲಿಯೇ. ಮಳೆಯನ್ನೇ ನಂಬಿದ ನಾಗಮಂಗಲದ ಕಡೆ, ದೇವಲಾಪುರದಂಥ ಹೋಬಳಿ ಕೇಂದ್ರಗಳಿಗೆ ನೆರಳು ಕೊಡುವುದು ಗುಂಡುತೋಪು, ಕೆರೆ ಏರಿ, ರಸ್ತೆ ಬದಿಯ ಮರಗಳು. ಇವಕ್ಕೆ ಟಿಕೆಟ್ ಇಲ್ಲ. ಕೂಲಿಯವರೂ ಸಂತೆಗೆ ಬಂದವರೂ ಕೂರಬಹುದು. ಸಾಮಾಜಿಕ ಸಮಾನತೆಯ ನಿಜವಾದ ಅಳತೆಗೋಲು ಇದೇ.

ಮರದ ನೆರಳು, ಎಲೆಗಳ ಬಾಷ್ಪವಿಸರ್ಜನೆ ಸೇರಿ ಕಾಂಕ್ರೀಟಿನ 'ನಗರ ಉಷ್ಣ ದ್ವೀಪ' ಪರಿಣಾಮವನ್ನು ತಗ್ಗಿಸುತ್ತವೆ. ತೆರೆದ ಮಣ್ಣು ಮಳೆನೀರು ಇಂಗಿಸಿ ನೆರೆ ತಡೆಯುತ್ತದೆ.

ಪರೀಕ್ಷೆಗಳಲ್ಲಿ ಈ ವಿಷಯದ ಕಾನೂನಿನ ಭಾಗದಿಂದ ಪ್ರಶ್ನೆ ಬರುವುದು ಹೆಚ್ಚು. ಸಂವಿಧಾನದ 74ನೇ ತಿದ್ದುಪಡಿ (1992) ಸೇರಿಸಿದ 12ನೇ ಅನುಸೂಚಿಯಲ್ಲಿ ನಗರ ಅರಣ್ಯ 8ನೇ ವಿಷಯ, ಉದ್ಯಾನ ಮತ್ತು ಆಟದ ಮೈದಾನ 12ನೇ ವಿಷಯ. ಗ್ರಾಮ ಪಂಚಾಯಿತಿಗಳಿಗೆ 11ನೇ ಅನುಸೂಚಿಯ 6ನೇ ವಿಷಯವಾದ ಸಾಮಾಜಿಕ ಅರಣ್ಯ ಅನ್ವಯಿಸುತ್ತದೆ. ರಾಜ್ಯದಲ್ಲಿ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ (1976), ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳ ಕಾಯ್ದೆ (1985) ಇವೆ. ಕೇಂದ್ರದ ನಗರ ವನ ಯೋಜನೆ 2020ರದು.

ವಿಶ್ವಸಂಸ್ಥೆಯ ಸುಸ್ಥಿರ ಅಭಿವೃದ್ಧಿ ಗುರಿ 11.7 ಹೇಳುವುದು: 2030ರೊಳಗೆ ಮಹಿಳೆಯರು, ಮಕ್ಕಳು, ವೃದ್ಧರು, ಅಂಗವಿಕಲರು ಸೇರಿ ಎಲ್ಲರಿಗೂ ಸುರಕ್ಷಿತ ಹಸಿರು ಸಾರ್ವಜನಿಕ ಸ್ಥಳ. 11ನೇ ಮತ್ತು 12ನೇ ಅನುಸೂಚಿಗಳ ವಿಷಯಸಂಖ್ಯೆ ಅದಲುಬದಲಾಗದಂತೆ ನೆನಪಿಡಿ.